ಸ್ಟೆಪ್ನಿ, ಸನ್ನೆ ಮತ್ತು ನಾನು ಹಿಂದಕ್ಕೆ ಪಡೆಯುವ ಒಂದು ಮಾತು

ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ನನ್ನ ಕೆಲವು ಮಾತುಗಳು ಇಂದಿಗೂ ನೆನಪಿವೆ ಎಂಬುದು ನನಗೆ ಗೊತ್ತು. ಮದುವೆಯ ಪಂಕ್ತಿಯಲ್ಲಿ, ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಎದುರಾಗುವ ಹಳೆಯ ವಿದ್ಯಾರ್ಥಿಗಳು ಅವನ್ನು ನನ್ನದೇ ಧ್ವನಿಯಲ್ಲಿ ಹೇಳಿ ನಗುತ್ತಾರೆ. ನಾನೂ ನಗುತ್ತೇನೆ. ಆ ಮಾತುಗಳಲ್ಲಿ ಒಂದು ಹೀಗಿತ್ತು: "ಓದದೇ ಹೋದರೆ ಪಂಕ್ಚರ್ ಅಂಗಡಿಯೇ ಗತಿ." ಗಣಿತದ ಲೆಕ್ಕ ತಪ್ಪಿದವನಿಗೆ, ಮನೆಗೆಲಸ ತಾರದವನಿಗೆ, ಕಿಟಕಿಯಾಚೆ ನೋಡುತ್ತ ಕುಳಿತವನಿಗೆ, ಎಲ್ಲರಿಗೂ ಅದೊಂದೇ ಮದ್ದು. ನಾನೊಬ್ಬನೇ ಹೇಳಿದ್ದಲ್ಲ, ನಮ್ಮ ಕಾಲದ ಬಹುಪಾಲು ಮೇಷ್ಟ್ರುಗಳು ಹೇಳಿದ್ದೇ. ಆದರೆ ಬೇರೆಯವರ ಮಾತಿನ ಲೆಕ್ಕ ಒಪ್ಪಿಸಲು ನಾನು ಯಾರು? ನನ್ನ ಮಾತನ್ನು ನಾನು ಈ ಬರಹದಲ್ಲಿ ಹಿಂದಕ್ಕೆ ಪಡೆಯುತ್ತಿದ್ದೇನೆ. ಏಕೆ ಎಂಬುದನ್ನು ಹೇಳಬೇಕಾದರೆ ಹೋದ ಮಳೆಗಾಲದ ಒಂದು ಸಂಜೆಯಿಂದ ಆರಂಭಿಸಬೇಕು.

ಶಿವಮೊಗ್ಗದಲ್ಲಿ ಕೆಲಸ ಮುಗಿಸಿಕೊಂಡು ನಾನೂ ನನ್ನ ಪತ್ನಿಯೂ ಮುತ್ತಿನಕೊಪ್ಪಕ್ಕೆ ಹಿಂತಿರುಗುತ್ತಿದ್ದೆವು. ಉಂಬ್ಳೇಬೈಲು ದಾಟಿ ಕಾಡಿನ ನಡುವೆ ಸಾಗುವ ಆ ರಸ್ತೆಯನ್ನು ನಮ್ಮ ಕಡೆಯವರಿಗೆ ವರ್ಣಿಸಬೇಕಾಗಿಲ್ಲ. ಮಳೆ ಆಗಷ್ಟೇ ನಿಂತಿತ್ತು, ಮರಗಳಿಂದ ಹನಿ ಇನ್ನೂ ಉದುರುತ್ತಿತ್ತು. ಕಾರು ಎಡಕ್ಕೆ ಎಳೆಯತೊಡಗಿತು, ಹಿಂದೆಯೇ ದಡಬಡ ಸದ್ದು. ಇಳಿದು ನೋಡಿದರೆ ಎಡಗಡೆಯ ಮುಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿತ್ತು. ಮೊಬೈಲಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ಭದ್ರಾ ಅಭಯಾರಣ್ಯದ ಆನೆಗಳು ಈಚಿನ ವರ್ಷಗಳಲ್ಲಿ ನಮ್ಮ ತಾಲ್ಲೂಕಿನ ತೋಟಗಳಿಗೂ ರಸ್ತೆಗಳಿಗೂ ಬರುವುದನ್ನು ಬಲ್ಲವರಿಗೆ ಕತ್ತಲಾಗುವ ಹೊತ್ತಿನಲ್ಲಿ ಅಲ್ಲಿ ನಿಲ್ಲುವುದೆಂದರೆ ಏನೆಂದು ತಿಳಿಯುತ್ತದೆ.

ಡಿಕ್ಕಿ ತೆರೆದೆ. ರಬ್ಬರ್ ಹಾಸು ಎತ್ತಿ ನೋಡಿದರೆ ಸ್ಟೆಪ್ನಿ, ಜಾಕು, ಸ್ಪ್ಯಾನರು ಎಲ್ಲವೂ ಇದ್ದವು. ಕಾರು ಕೊಂಡ ದಿನದಿಂದ ಅವುಗಳನ್ನು ಮುಟ್ಟಿರಲಿಲ್ಲ ಎಂಬುದೊಂದೇ ಕೊರತೆ. ಜಾಕನ್ನು ಎಲ್ಲಿ ಇಡಬೇಕೆಂದು ಬಗ್ಗಿ ನೋಡಿ, ಅಂದಾಜಿನ ಮೇಲೆ ಇಟ್ಟು, ಕಾರನ್ನು ಎತ್ತಿದೆ. ಆಮೇಲೆ ಸ್ಪ್ಯಾನರನ್ನು ನಟ್ಟಿಗೆ ಸಿಕ್ಕಿಸಿ ತಿರುಗಿಸಿದೆ. ನಟ್ಟು ತಿರುಗಲಿಲ್ಲ, ಚಕ್ರವೇ ತಿರುಗಿತು. ಮತ್ತೆ ತಿರುಗಿಸಿದೆ, ಮತ್ತೆ ಚಕ್ರವೇ ತಿರುಗಿತು. ಅಷ್ಟರಲ್ಲಿ ಜಾಕು ಹಸಿ ಮಣ್ಣಿನಲ್ಲಿ ಹೂತು ಒಂದು ಪಕ್ಕಕ್ಕೆ ವಾಲತೊಡಗಿತು. ಪಂಚೆಯ ಅಂಚಿನಲ್ಲಿ ಉಂಬಳ ಹತ್ತಿದ್ದು ಕಾಣಿಸಿತು. ನನ್ನ ಪತ್ನಿ ಟಾರ್ಚು ಹಿಡಿದು ನಿಂತಿದ್ದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಲ್ರೀ, ಇಷ್ಟು ವರ್ಷ ಬೇರೆಯವರ ಮಕ್ಕಳಿಗೆ ಹೇಳಿಕೊಟ್ಟಿದ್ದೇನು ಹಾಗಾದರೆ?"

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರದ ಬದಲಿಗೆ ಗೊಬ್ಬರದ ಚೀಲ ಹೊತ್ತ ಒಂದು ಪಿಕಪ್ ಬಂದು ನಿಂತಿತು. ಇಳಿದವನು ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಒಂದು ಸಲ ಕಾರನ್ನೂ ಒಂದು ಸಲ ನನ್ನನ್ನೂ ನೋಡಿ, "ಸಾರ್, ನಟ್ಟು ಸಡಿಲ ಮಾಡದೆ ಜಾಕ್ ಎತ್ತಿದ್ರಾ? ಮೊದಲು ಇಳಿಸಿ" ಎಂದ. ಅವನೇ ಮಾಡಿಕೊಡುತ್ತಾನೆಂದು ನಾನು ಪಕ್ಕಕ್ಕೆ ಸರಿದೆ. ಅವನು ಕೈ ಹಾಕಲಿಲ್ಲ. "ನಾನೇ ಹಾಕಿಕೊಟ್ಟು ಹೋಗಬಹುದು, ಹತ್ತು ನಿಮಿಷದ ಕೆಲಸ. ಆದ್ರೆ ಮುಂದಿನ ಸಲ ನಾನು ಸಿಗ್ತೀನಾ ಸಾರ್? ನೀವೇ ಮಾಡಿ, ನಾನು ಹೇಳ್ತೀನಿ" ಎಂದು ಚಕ್ರದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ಬಿ.ಎಡ್. ತರಗತಿಯಲ್ಲಿ ನಮಗೆ ಬೋಧನಾ ವಿಧಾನವನ್ನು ಒಂದು ವರ್ಷ ಕಲಿಸಿದ್ದರು. ಅದರ ಸಾರವನ್ನು ಈ ಹುಡುಗ ಒಂದು ವಾಕ್ಯದಲ್ಲಿ ಹೇಳಿದ್ದ. "ಇವರು ವಿಜ್ಞಾನದ..." ಎಂದು ನನ್ನ ಪತ್ನಿ ಪರಿಚಯ ಹೇಳಲು ಹೊರಟಳು. ನಾನು ಜೋರಾಗಿ ಕೆಮ್ಮಿದೆ.

ಅವನು ಹೇಳಿದಂತೆ ಕಾರು ಇಳಿಸಿ, ಸ್ಪ್ಯಾನರನ್ನು ನಟ್ಟಿಗೆ ಸಿಕ್ಕಿಸಿ, ಎರಡೂ ಕೈಯಿಂದ ಎಳೆದೆ. ಅಲುಗಲಿಲ್ಲ. "ಕೈಯಲ್ಲಿ ಬೇಡ ಸಾರ್, ಹಿಡಿ ಎಡಗಡೆಗೆ ಮಲಗಿರೋ ಹಾಗೆ ಸಿಕ್ಕಿಸಿ, ಅದರ ತುದಿ ಮೇಲೆ ನಿಂತುಕೊಳ್ಳಿ" ಎಂದ. ಒಂದು ಕೈಯಿಂದ ಕಾರಿನ ಮಾಡು ಹಿಡಿದು, ಹಿಡಿಯ ತುದಿಯ ಮೇಲೆ ಕಾಲಿಟ್ಟು ಮೈಭಾರ ಬಿಟ್ಟೆ. ಕಟಕ್ ಎಂದು ನಟ್ಟು ಬಿಟ್ಟಿತು.

ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಏಕೆಂದರೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಾನು ಕಲಿಸಿದ ಪಾಠ ಅದೇ. ಸರಳ ಯಂತ್ರಗಳು: ಸನ್ನೆ, ರಾಟೆ, ಇಳಿಜಾರು, ತಿರುಪು. ಕಪ್ಪು ಹಲಗೆಯ ಮೇಲೆ ಒಂದು ಗೆರೆ, ಅದರ ಕೆಳಗೊಂದು ತ್ರಿಕೋನ, ಒಂದು ತುದಿಯಲ್ಲಿ ಭಾರ, ಇನ್ನೊಂದು ತುದಿಯಲ್ಲಿ ಪ್ರಯತ್ನ. ಉದ್ದವಾದ ಸನ್ನೆ ಸಿಕ್ಕರೆ ಭೂಮಿಯನ್ನೇ ಎತ್ತಬಲ್ಲೆನೆಂದು ಆರ್ಕಿಮಿಡೀಸ್ ಹೇಳಿದನೆಂಬ ಕಥೆಯನ್ನು ನಾನು ಎಷ್ಟು ರಸವತ್ತಾಗಿ ಹೇಳುತ್ತಿದ್ದೆನೆಂಬುದು ನಿಮಗೆ ನೆನಪಿರಬಹುದು. ಭೂಮಿಯನ್ನೆತ್ತಿಸಿದ ಮೇಷ್ಟ್ರಿಗೆ ಒಂದು ನಟ್ಟು ಬಿಚ್ಚಲು ಬರಲಿಲ್ಲ.

ಮನೆಗೆ ಬಂದ ಮೇಲೆ, ಅಭ್ಯಾಸಬಲದಿಂದ, ಕಾಗದದ ಮೇಲೆ ಲೆಕ್ಕ ಹಾಕಿದೆ. ಸಣ್ಣ ಕಾರುಗಳ ಚಕ್ರದ ನಟ್ಟನ್ನು ಸುಮಾರು 100 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿ ಬಿಗಿದಿರುತ್ತಾರೆ. ನನ್ನ ಸ್ಪ್ಯಾನರಿನ ಹಿಡಿ 25 ಸೆಂಟಿಮೀಟರ್. ಬಗ್ಗಿ ಕುಳಿತು ಕೈಯಿಂದ ಎಳೆಯುವಾಗ ನನ್ನ ವಯಸ್ಸಿನವನು ಹಾಕಬಲ್ಲ ಬಲ 20 ಕಿಲೋ ತೂಕಕ್ಕೆ ಸಮ ಎಂದುಕೊಳ್ಳೋಣ. ಗುಣಿಸಿದರೆ 49 ನ್ಯೂಟನ್ ಮೀಟರ್, ಅಂದರೆ ಬೇಕಾದುದರ ಅರ್ಧ. ಅದೇ ಹಿಡಿಯ ತುದಿಯ ಮೇಲೆ 48 ಕಿಲೋ ತೂಕದ ನನ್ನ ಪತ್ನಿ ಸುಮ್ಮನೆ ನಿಂತರೆ ಸುಮಾರು 118. ಎರಡಡಿ ಉದ್ದದ ಕಬ್ಬಿಣದ ಕೊಳವೆಯೊಂದನ್ನು ಹಿಡಿಗೆ ತೊಡಿಸಿ ಸನ್ನೆಯ ಉದ್ದವನ್ನು ಇಮ್ಮಡಿ ಮಾಡಿಕೊಂಡರೆ ಬಲವೂ ಇಮ್ಮಡಿ. ಚಕ್ರ ಬದಲಿಸುವುದು ಗಂಡಸರ ಕೆಲಸ, ತೋಳ್ಬಲದ ಕೆಲಸ ಎಂಬ ಮಾತು ಈ ಮೂರು ಸಾಲಿನ ಲೆಕ್ಕದಲ್ಲಿ ಬಿದ್ದುಹೋಗುತ್ತದೆ. ತೋಟದಲ್ಲಿ ಹಾರೆಯಿಂದ ಬಂಡೆ ಉರುಳಿಸುವ ಆಳಿಗೆ ಈ ಲೆಕ್ಕ ಗೊತ್ತಿಲ್ಲ, ಆದರೆ ಬಂಡೆ ಉರುಳುತ್ತದೆ. ನನಗೆ ಲೆಕ್ಕ ಗೊತ್ತಿತ್ತು, ನಟ್ಟು ಅಲುಗಲಿಲ್ಲ. ಇಬ್ಬರಲ್ಲಿ ವಿದ್ಯಾವಂತನಾರು?

ಇನ್ನೊಂದು ಅವಮಾನವೂ ಬಾಕಿಯಿತ್ತು. ಸ್ಟೆಪ್ನಿಯನ್ನು ಹೊರತೆಗೆದು ಹುಡುಗ ಹೆಬ್ಬೆರಳಿನಿಂದ ಒತ್ತಿ ನೋಡಿ, "ಇದರಲ್ಲಿ 15 ಪೌಂಡ್ ಗಾಳಿನೂ ಇಲ್ಲ ಸಾರ್" ಎಂದ. ಬಳಸದೆ ಇಟ್ಟ ಚಕ್ರದಲ್ಲಿಯೂ ಗಾಳಿ ತಿಂಗಳು ತಿಂಗಳಿಗೂ ಸ್ವಲ್ಪ ಸ್ವಲ್ಪ ಸೋರುತ್ತದೆ. ನಾಲ್ಕು ಚಕ್ರಕ್ಕೆ ಗಾಳಿ ಹೊಡೆಸಿದಾಗಲೆಲ್ಲ ಐದನೆಯದನ್ನು ನಾನು ಮರೆತಿದ್ದೆ. ಅವನ ಪಿಕಪ್ಪಿನಲ್ಲಿ ಕಾಲಿನಿಂದ ತುಳಿಯುವ ಪಂಪು ಇದ್ದುದರಿಂದ ನಾವು ಆ ರಾತ್ರಿ ಮನೆ ಸೇರಿದೆವು. ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಯಾರಾದ್ರೂ ನಿಂತಿದ್ರೆ ನೀವೂ ನಿಲ್ಲಿಸಿ" ಎಂದಷ್ಟೇ ಹೇಳಿ ಹೊರಟುಹೋದ.

ಸ್ಟೆಪ್ನಿ ಎಂಬ ಪದದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ನಾನು ಮೇಷ್ಟ್ರೇ ಅಲ್ಲ. ಗಾಳಿ ತುಂಬಿದ ಟಯರನ್ನು ಬಳಕೆಗೆ ತಂದವನು ಜಾನ್ ಬಾಯ್ಡ್ ಡನ್‌ಲಪ್, 1888ರಲ್ಲಿ, ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ. ಅವನಿಗಿಂತ ಬಹಳ ಮೊದಲೇ, 1845ರಲ್ಲಿ, ರಾಬರ್ಟ್ ಥಾಮ್ಸನ್ ಎಂಬಾತ ಅದೇ ವಿಚಾರಕ್ಕೆ ಪೇಟೆಂಟ್ ಪಡೆದಿದ್ದ, ಆದರೆ ಲೋಕ ಅದನ್ನು ಮರೆತಿತ್ತು. ಗಾಳಿ ಬಂದೊಡನೆ ಪಂಕ್ಚರೂ ಬಂತು. ಆರಂಭದ ಮೋಟಾರು ಕಾರುಗಳಲ್ಲಿ ಬಿಡಿ ಚಕ್ರವೇ ಇರುತ್ತಿರಲಿಲ್ಲ. ದಾರಿಯಲ್ಲಿ ಟಯರು ಒಡೆದರೆ ಅಲ್ಲಿಯೇ ಕುಳಿತು ಬಿಚ್ಚಿ ತೇಪೆ ಹಾಕಬೇಕಿತ್ತು. ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಡೇವಿಸ್ ಸಹೋದರರು 1904ರಲ್ಲಿ, ಪಂಕ್ಚರಾದ ಚಕ್ರದ ಪಕ್ಕಕ್ಕೆ ಬಿಗಿದು ಓಡಿಸಬಹುದಾದ ಬಿಡಿ ಚಕ್ರವೊಂದನ್ನು ಮಾಡಿದರು. ಅವರ ಕಾರ್ಯಾಗಾರ ಇದ್ದುದು ಸ್ಟೆಪ್ನಿ ಬೀದಿಯಲ್ಲಿ. ಬೀದಿಯ ಹೆಸರು ಚಕ್ರಕ್ಕೆ ಬಂತು. ಇಂಗ್ಲಿಷರು ಆ ಪದವನ್ನು ಬಹುಮಟ್ಟಿಗೆ ಮರೆತರು, ನಾವು ಉಳಿಸಿಕೊಂಡೆವು. ಇಂಗ್ಲಿಷ್ ಪಾಠ ಕೇಳದ ಕ್ಲೀನರ್ ಹುಡುಗನ ಬಾಯಲ್ಲಿ ನೂರಿಪ್ಪತ್ತು ವರ್ಷಗಳ ಹಿಂದಿನ ವೇಲ್ಸಿನ ಒಂದು ಬೀದಿ ಇಂದಿಗೂ ಬದುಕಿದೆ.

ಈಗ ಕೆಲಸದ ವಿಷಯ. ಆ ಹುಡುಗ ಕಲಿಸಿದ್ದನ್ನೂ ಆಮೇಲೆ ನಾನು ಅಂಗಳದಲ್ಲಿ ಮೂರು ಸಲ ಮಾಡಿ ಮನವರಿಕೆ ಮಾಡಿಕೊಂಡದ್ದನ್ನೂ ಕಾರಣಸಹಿತ ಬರೆಯುತ್ತೇನೆ. ಕಾರಣ ತಿಳಿದರೆ ಕ್ರಮ ಮರೆಯುವುದಿಲ್ಲ.

ಚಕ್ರದ ಗಾಳಿ ಹೋಯಿತೆಂದು ತಿಳಿದೊಡನೆ ಗಕ್ಕನೆ ಬ್ರೇಕ್ ಒತ್ತಬಾರದು. ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು ವೇಗ ಇಳಿಸುತ್ತ, ತಿರುವು ದಾಟಿ, ಸಮತಟ್ಟಾದ ಗಟ್ಟಿ ನೆಲ ಸಿಕ್ಕಲ್ಲಿ ನಿಲ್ಲಬೇಕು. ಗಾಳಿ ಪೂರ್ತಿ ಹೋದ ಚಕ್ರದ ಮೇಲೆ ಬಹುದೂರ ಓಡಿಸಿದರೆ ರಿಮ್ಮು ಟಯರಿನ ಪಕ್ಕೆಯನ್ನು ಅರೆದು ಹಾಕುತ್ತದೆ. ನೂರು ಇನ್ನೂರು ರೂಪಾಯಿಯ ಪಂಕ್ಚರು ಹೊಸ ಟಯರಿನ ಖರ್ಚಾಗುತ್ತದೆ. ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಕಾರನ್ನು ಮೊದಲ ಗೇರಿನಲ್ಲಿಟ್ಟು, ಕೆಡುತ್ತಿರುವ ಚಕ್ರಕ್ಕೆ ಮೂಲೆ ಎದುರಾದ ಚಕ್ರಕ್ಕೆ ಕಲ್ಲು ಕೊಡಬೇಕು. ಹಿಂದಿನಿಂದ ಬರುವವರಿಗೆ ಕಾಣುವಂತೆ ಎಚ್ಚರಿಕೆಯ ತ್ರಿಕೋನ ಇಡಬೇಕು. ಅದಿಲ್ಲದಿದ್ದರೆ ನಮ್ಮ ಕಡೆಯ ಪದ್ಧತಿಯಂತೆ ಸೊಪ್ಪಿನ ಕೊಂಬೆಯಾದರೂ ಸರಿ.

ಮುಂದಿನದು ನಾನು ತಪ್ಪಿದ ಹೆಜ್ಜೆ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು, ಪೂರ್ತಿ ಬಿಚ್ಚಬಾರದು. ನೆಲದ ಘರ್ಷಣೆಯೇ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಎತ್ತಿದ ಮೇಲೆ ಆ ಹಿಡಿತ ಇರುವುದಿಲ್ಲ. ಅಷ್ಟಾದ ಮೇಲೆ ಜಾಕು. ಬಾಗಿಲಿನ ಕೆಳಗಿನ ಅಂಚಿನಲ್ಲಿ ಅದಕ್ಕೆಂದೇ ಗುರುತು ಮಾಡಿದ ಗಟ್ಟಿ ಜಾಗವಿರುತ್ತದೆ, ಕಾರಿನ ಜೊತೆ ಬರುವ ಪುಸ್ತಕದಲ್ಲಿ ಚಿತ್ರವಿದೆ. ಅಲ್ಲಿ ಬಿಟ್ಟು ಬೇರೆಡೆ ಇಟ್ಟರೆ ತಗಡು ಬಾಗುತ್ತದೆ, ಕಾರು ಜಾರುತ್ತದೆ. ನಮ್ಮ ಮಳೆಯ ನೆಲದಲ್ಲಿ ಜಾಕಿನ ಕೆಳಗೆ ಒಂದು ಚಪ್ಪಟೆ ಹಲಗೆ ಬೇಕೇ ಬೇಕು. ಭಾರ ಅಗಲವಾಗಿ ಹಂಚಿದರೆ ಒತ್ತಡ ಕಡಿಮೆ, ಇದೂ ಎಂಟನೆಯ ತರಗತಿಯ ಪಾಠವೇ. ನನ್ನ ಡಿಕ್ಕಿಯಲ್ಲಿ ಈಗ ಒಂದಡಿ ಹಲಗೆಯ ತುಂಡು ಕಾಯಂ ನಿವಾಸಿ. ಕಾರು ಜಾಕಿನ ಮೇಲಿರುವಾಗ ಯಾರೂ ಕೆಳಗೆ ತೂರಬಾರದು, ಒಳಗೆ ಯಾರೂ ಕುಳಿತಿರಬಾರದು. ಬಿಡಿ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿಟ್ಟಿರಬೇಕು. ಅಕಸ್ಮಾತ್ ಜಾಕು ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ, ನಿಮ್ಮ ಕಾಲ ಮೇಲಲ್ಲ.

ಹೊಸ ಚಕ್ರವನ್ನು ಎತ್ತಿ ಕೂಡಿಸುವುದು ವಯಸ್ಸಾದವರಿಗೆ ಕಷ್ಟ. ಅದಕ್ಕೂ ಸನ್ನೆಯೇ ಉಪಾಯ. ಎದುರಿಗೆ ಒಂದು ಗೋಣಿ ಹಾಕಿ ಕುಳಿತು, ಚಕ್ರದ ಕೆಳಗೆ ಸ್ಪ್ಯಾನರಿನ ಹಿಡಿಯನ್ನು ತೂರಿಸಿ ಮೀಟಿದರೆ ಚಕ್ರ ತಾನಾಗಿ ಮೇಲೇರುತ್ತದೆ. ನಟ್ಟಿನ ಮೊನಚಾದ ಬದಿ ಚಕ್ರದ ಕಡೆಗಿರಬೇಕು, ಆ ಇಳಿಜಾರೇ ಚಕ್ರವನ್ನು ನಡುಮಧ್ಯಕ್ಕೆ ಕೂರಿಸುವುದು. ಮೊದಲು ಕೈಯಿಂದಲೇ ಎಲ್ಲ ನಟ್ಟುಗಳನ್ನು ಹಿಡಿಸಿ, ಆಮೇಲೆ ಒಂದಾದ ಮೇಲೆ ಅದರ ಎದುರಿನದು ಎಂಬಂತೆ ಬಿಗಿಯಬೇಕು. ಸಾಲಾಗಿ ಬಿಗಿದರೆ ಚಕ್ರ ಓರೆಯಾಗಿ ಕೂರುತ್ತದೆ. ಕಡೆಯ ಬಿಗಿತ ಕಾರು ನೆಲಕ್ಕಿಳಿದ ಮೇಲೆ. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾದ ಕಡೆಯ ಹೆಜ್ಜೆಯನ್ನು ಬಹಳ ಜನ ಮರೆಯುತ್ತಾರೆ. ಚಕ್ರಕ್ಕೆ ಕೊಟ್ಟ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೊರಡುತ್ತಾರೆ. ತಮ್ಮ ಕಷ್ಟ ಮುಗಿಯಿತು ಎಂಬ ಸಂತೋಷ. ಅದೇ ಕಲ್ಲಿಗೆ ರಾತ್ರಿ ಬೈಕಿನಲ್ಲಿ ಬರುವವನು ಬಡಿಯುತ್ತಾನೆ. ನನಗೆ ಸಹಾಯ ಮಾಡಿದ ಹುಡುಗ ಹೊರಡುವ ಮುನ್ನ ಕಲ್ಲನ್ನೂ ಸೊಪ್ಪನ್ನೂ ತಾನೇ ಎತ್ತಿ ಚರಂಡಿಯಾಚೆ ಹಾಕಿದ. ಪೌರನೀತಿ ಎಂಬ ಪಾಠವನ್ನು ನಾವು ಪುಸ್ತಕದಲ್ಲಿ ಓದಿಸುತ್ತೇವೆ. ಅದನ್ನು ಕಣ್ಣೆದುರು ಕಂಡದ್ದು ನಾನು ಅಪರೂಪ.

ಇಷ್ಟೆಲ್ಲ ಈಗ ಏಕೆ ಕಲಿಯಬೇಕು ಎಂದು ನೀವು ಕೇಳಬಹುದು. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಕೇಳಿಯೇ ಬಿಟ್ಟ: "ಮಾವ, ಈಗೆಲ್ಲ ಟ್ಯೂಬ್‌ಲೆಸ್ ಟಯರು. ಫೋನ್ ಮಾಡಿದರೆ ವಿಮೆಯವರೇ ಆಳು ಕಳಿಸುತ್ತಾರೆ. ಹೊಸ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ." ಅವನ ಮಾತಿನಲ್ಲಿ ಸತ್ಯಾಂಶವಿದೆ. ಟ್ಯೂಬ್‌ಲೆಸ್ ಟಯರಿಗೆ ಮೊಳೆ ಹೊಕ್ಕರೆ ಗಾಳಿ ನಿಧಾನವಾಗಿ ಇಳಿಯುತ್ತದೆ, ಅಂಗಡಿಯವರೆಗೆ ಹೋಗಲು ಅನೇಕ ವೇಳೆ ಸಮಯ ಸಿಗುತ್ತದೆ. 2020ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಟ್ಯೂಬ್‌ಲೆಸ್ ಟಯರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಹಾಗೂ ದುರಸ್ತಿ ಸಾಮಗ್ರಿ ಇರುವ ಕಾರುಗಳಿಗೆ ಬಿಡಿ ಚಕ್ರ ಕಡ್ಡಾಯವಲ್ಲ ಎಂದಿತು. ನೂರಿಪ್ಪತ್ತು ವರ್ಷಗಳ ಹಿಂದೆ ಡೇವಿಸ್ ಸಹೋದರರು ಕಂಡ, ಬಿಡಿ ಚಕ್ರವಿಲ್ಲದ ಕಾರು ಮತ್ತೆ ರಸ್ತೆಗೆ ಬಂದಿದೆ.

ಆದರೆ ಆ ದುರಸ್ತಿ ಸಾಮಗ್ರಿ ಮುಚ್ಚಬಲ್ಲದ್ದು ಟಯರು ನೆಲಕ್ಕೆ ತಾಗುವ ಭಾಗದ ಸಣ್ಣ ತೂತನ್ನು ಮಾತ್ರ. ತೋಟದ ದಾರಿಯ ಚೂಪು ಕಲ್ಲು ಪಕ್ಕೆಯನ್ನು ಸೀಳಿದರೆ ಅದರಿಂದ ಏನೂ ಆಗದು. ಫೋನು ಮಾಡಿದರೆ ಆಳು ಬರುತ್ತಾನೆ ನಿಜ, ಫೋನು ಹೋಗುವ ಜಾಗದಲ್ಲಿ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಒಳದಾರಿಗಳಲ್ಲಿ ಓಡಾಡುವವರು ಬೆಂಗಳೂರಿನ ಲೆಕ್ಕದಲ್ಲಿ ಬದುಕಲಾಗದು. ಕಾರು ಕೊಳ್ಳುವವರು ಬಣ್ಣ ಕೇಳುವ ಮೊದಲು ಡಿಕ್ಕಿಯಲ್ಲಿ ಸ್ಟೆಪ್ನಿ ಇದೆಯೇ ಎಂದು ಕೇಳಿ ಎಂದು ನಾನು ನೆಂಟರಿಗೆಲ್ಲ ಹೇಳುತ್ತಿದ್ದೇನೆ.

ಆದರೂ ನನ್ನ ವಾದ ಟಯರಿನಲ್ಲಿ ಮುಗಿಯುವುದಿಲ್ಲ. ನಾನು ಹೇಳಬೇಕಾಗಿರುವುದು ಶಾಲೆಯ ಬಗ್ಗೆ, ನನ್ನ ಬಗ್ಗೆ.

1937ರಲ್ಲಿ ವರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕವೇ ಶಿಕ್ಷಣ ಎಂಬ ವಿಚಾರವನ್ನು ಮುಂದಿಟ್ಟರು. ಝಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಕಾರ್ಯಾನುಭವ ಎಂಬ ವಿಷಯ ಶಾಲೆಯಲ್ಲಿರಬೇಕೆಂದಿತು. ಬಿ.ಎಡ್. ಪರೀಕ್ಷೆಯಲ್ಲಿ ಈ ಹೆಸರುಗಳನ್ನೂ ಇಸವಿಗಳನ್ನೂ ಬರೆದು ನಾನು ಒಳ್ಳೆಯ ಅಂಕ ಪಡೆದೆ. ಶಾಲೆಗೆ ಬಂದ ಮೇಲೆ ಮಾಡಿದ್ದೇನು? ವೇಳಾಪಟ್ಟಿಯಲ್ಲಿ ಕಾರ್ಯಾನುಭವ ಎಂದು ಬರೆದಿದ್ದ ಪಿರಿಯಡ್ಡನ್ನು ಹತ್ತನೆಯ ತರಗತಿಯ ಗಣಿತಕ್ಕೆಂದು ಕಸಿದುಕೊಂಡವನು ನಾನೇ. "ಸಾರ್, ಇವತ್ತು ತೋಟದ ಕೆಲಸ ಇದೆ" ಎಂದು ಆಸೆಯಿಂದ ಹೇಳಿದ ಹುಡುಗರನ್ನು ಗದರಿಸಿ ಕೂರಿಸಿದ್ದು ನಾನೇ. ಎಸ್.ಎಸ್.ಎಲ್.ಸಿ. ಫಲಿತಾಂಶ ಮೇಲೇರಿತು, ನನಗೆ ಒಳ್ಳೆಯ ಹೆಸರು ಬಂತು. ಆದರೆ ಸನ್ನೆಯ ಪಾಠದ ದಿನ ಒಬ್ಬನ ಕೈಗೂ ಒಂದು ಸ್ಪ್ಯಾನರ್ ಕೊಡಲಿಲ್ಲ. ಶಾಲೆಯ ಹಿಂದೆಯೇ ಮುಖ್ಯೋಪಾಧ್ಯಾಯರ ಹಳೆಯ ಸ್ಕೂಟರು ನಿಂತಿರುತ್ತಿತ್ತು. ಅದರ ಸ್ಟೆಪ್ನಿ ಎಲ್ಲರ ಕಣ್ಣೆದುರಿಗೇ ಇತ್ತು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಊರಿನ ಕಸುಬುದಾರರ ಬಳಿ ಕಲಿಯಬೇಕೆಂಬ ಮಾತಿದೆ. ಮಾತು ಒಳ್ಳೆಯದು. ಆದರೆ ನನ್ನಂತಹ ಮೇಷ್ಟ್ರೊಬ್ಬ ಆ ಹತ್ತು ದಿನಗಳನ್ನೂ ಪರೀಕ್ಷೆಯ ತಯಾರಿಗೆ ಕಸಿದುಕೊಳ್ಳುವುದಿಲ್ಲ ಎಂಬ ಭರವಸೆಯನ್ನು ಯಾವ ನೀತಿಯೂ ಕೊಡಲಾರದು. ದೋಷ ಕಾಗದದಲ್ಲಿರಲಿಲ್ಲ, ನಮ್ಮ ಮನಸ್ಸಿನಲ್ಲಿತ್ತು. ಕೈಯಿಂದ ಮಾಡುವ ಕೆಲಸ ತಲೆ ಇಲ್ಲದವರಿಗೆ ಎಂಬ ನಂಬಿಕೆಯೇ ಆ ದೋಷ.

ಆ ನಂಬಿಕೆ ಸುಳ್ಳೆಂದು ತಿಳಿಯಲು ನಾವು ದೂರ ಹೋಗಬೇಕಾಗಿರಲಿಲ್ಲ. ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳಲ್ಲಿ ನೀವೆಲ್ಲ ಓಡಾಡಿದ್ದೀರಿ. ಕೆಲಸ ಕೊಟ್ಟಿದ್ದ ಖಾಸಗಿ ಬಸ್ ಸಂಸ್ಥೆ ನಿಂತುಹೋದಾಗ, ಚಾಲಕರು, ನಿರ್ವಾಹಕರು, ಮೆಕ್ಯಾನಿಕರು ಒಟ್ಟುಗೂಡಿ 1991ರಲ್ಲಿ ತಾವೇ ಒಂದು ಸಹಕಾರ ಸಂಘ ಕಟ್ಟಿಕೊಂಡು ಬಸ್ಸು ಓಡಿಸಿದರು. ಚಕ್ರ ಬಿಚ್ಚುವವರೇ ಆಡಳಿತ ಮಂಡಳಿಯಲ್ಲಿ ಕುಳಿತು ಲೆಕ್ಕಪತ್ರ ನೋಡಿದರು. ಅದು ಸುಮಾರು ಮೂರು ದಶಕ ನಡೆದು 2020ರಲ್ಲಿ ನಿಂತಾಗ ನಮ್ಮ ಹಳ್ಳಿಗಳು ತಬ್ಬಲಿಯಾದವು. ಅದು ಓಡುತ್ತಿದ್ದ ವರ್ಷಗಳಲ್ಲೆಲ್ಲ, ಅದೇ ಬಸ್ಸಿನಲ್ಲಿ ಶಾಲೆಗೆ ಬಂದ ಮಕ್ಕಳಿಗೆ, ಟಯರು ಬಿಚ್ಚುವುದು ಸೋತವರ ಕೆಲಸ ಎಂದು ನಾನು ಹೇಳುತ್ತಿದ್ದೆ.

ಇನ್ನು ಒಂದು ವಿಷಯ ಉಳಿದಿದೆ. ಇದನ್ನು ಬರೆಯಲು ನನಗೆ ನಾಲ್ಕು ದಿನ ಬೇಕಾಯಿತು.

ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬರೆಯುವುದಿಲ್ಲ. ಕಿಟಕಿಯ ಪಕ್ಕದ ಮೂರನೆಯ ಬೆಂಚು. ಬೀಜಗಣಿತದಲ್ಲಿ ಹಿಂದೆ, ಪ್ರಯೋಗ ತೋರಿಸುವ ದಿನ ಮಾತ್ರ ಎಲ್ಲರಿಗಿಂತ ಮುಂದೆ ಬಂದು ನಿಲ್ಲುತ್ತಿದ್ದ. ಒಂದು ದಿನ ಹಲಗೆಯ ಬಳಿ ಕರೆದಾಗ ಲೆಕ್ಕ ಬಿಡಿಸಲಾಗದೆ ಸುಮ್ಮನೆ ನಿಂತ. ನಾನು ನನ್ನ ಆ ಮಾತನ್ನು ಹೇಳಿದೆ. ತರಗತಿ ನಕ್ಕಿತು. ಅವನು ಕೂಡ ನಗಲು ಪ್ರಯತ್ನಿಸಿದ. ಮಾರನೆಯ ದಿನ ಅವನ ಪಕ್ಕದವನು ಬಂದು, "ಸಾರ್, ಅವನ ಅಪ್ಪಂದು ಸೈಕಲ್ ಪಂಕ್ಚರ್ ಅಂಗಡಿ" ಎಂದ. ನನಗೆ ಅದು ತಿಳಿದಿರಲಿಲ್ಲ. ತಿಳಿದ ಮೇಲಾದರೂ ಆ ಹುಡುಗನನ್ನು ಕರೆದು ಒಂದು ಮಾತಾಡಬಹುದಿತ್ತು. ಮೇಷ್ಟ್ರು ವಿದ್ಯಾರ್ಥಿಯ ಬಳಿ ತಪ್ಪಾಯಿತು ಎನ್ನುವ ಕಾಲ ಅದಾಗಿರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವನು ಶಾಲೆ ಬಿಡಲಿಲ್ಲ, ಎಸ್.ಎಸ್.ಎಲ್.ಸಿ. ಮುಗಿಸಿಯೇ ಹೋದ. ಆದರೆ ಆಮೇಲಿನ ಎರಡು ವರ್ಷ ನನ್ನ ಪಿರಿಯಡ್ಡಿನಲ್ಲಿ ಪ್ರಯೋಗದ ಮೇಜಿನ ಬಳಿಗೂ ಬರಲಿಲ್ಲ. ಆ ಅಂಗಡಿಯ ದುಡಿಮೆಯಿಂದಲೇ ಅವನ ಶಾಲೆಯ ಶುಲ್ಕ ಬರುತ್ತಿತ್ತು. ಆ ಅಂಗಡಿಯನ್ನೇ ನಾನು ಅವನೆದುರು ಶಿಕ್ಷೆಯೆಂದು ಹೆಸರಿಸಿದ್ದೆ.

ಕಾಡಿನ ದಾರಿಯಲ್ಲಿ ನಟ್ಟು ಕಟಕ್ಕೆಂದಾಗ ನನಗೆ ಮೊದಲು ನೆನಪಾದದ್ದು ಆರ್ಕಿಮಿಡೀಸನಲ್ಲ, ಆ ಮೂರನೆಯ ಬೆಂಚು.

ಓದಬೇಡಿ ಎಂದು ನಾನು ಹೇಳುತ್ತಿಲ್ಲ. ಓದಿನಿಂದಲೇ ನಮ್ಮ ಎಷ್ಟೋ ಮನೆಗಳು ಮೇಲೆ ಬಂದಿವೆ, ನನ್ನದೂ ಬಂದಿದೆ. ಪಂಕ್ಚರ್ ಅಂಗಡಿಯ ಬದುಕು ಸುಖದ್ದೆಂದೂ ಹೇಳುವುದಿಲ್ಲ. ಮಳೆಬಿಸಿಲಿನಲ್ಲಿ ರಸ್ತೆಯಂಚಿನಲ್ಲಿ ಕೂರುವ ದುಡಿಮೆಗೆ ಸಿಗುವ ಪ್ರತಿಫಲ ಕಡಿಮೆಯೇ. ಆ ಕೆಲಸ ಕಷ್ಟದ್ದು ಎನ್ನುವುದು ಬೇರೆ, ಕೀಳು ಎನ್ನುವುದು ಬೇರೆ. ನಾನು ಹೇಳಿದ್ದು ಎರಡನೆಯದನ್ನು. ಅದಕ್ಕೇ ಆ ಮಾತನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರು, ಬಹಳಷ್ಟು ಜನ ತಂದೆತಾಯಿಯರು. ನನ್ನಿಂದ ಕಲಿತ ಆ ಮಾತನ್ನು ನೀವು ನಿಮ್ಮ ಮಕ್ಕಳಿಗೆ ಹೇಳುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಅದರ ಬದಲು ಬರುವ ಭಾನುವಾರ ಅಂಗಳದಲ್ಲಿ ಕಾರು ನಿಲ್ಲಿಸಿ, ಮಗನನ್ನೂ ಮಗಳನ್ನೂ ಕರೆದು, ಹಗಲು ಬೆಳಕಿನಲ್ಲಿ ಒಂದು ಚಕ್ರ ಬಿಚ್ಚಿ ಹಾಕಿ. ಸ್ಪ್ಯಾನರಿನ ಮೇಲೆ ಮಗಳೇ ನಿಲ್ಲಲಿ. ಸನ್ನೆಯ ಪಾಠ ಅವಳಿಗೆ ಜನ್ಮದಲ್ಲಿ ಮರೆಯುವುದಿಲ್ಲ. ಸ್ಟೆಪ್ನಿಗೂ ಗಾಳಿ ಹೊಡೆಸಿ.

ಆ ಹುಡುಗ ಈಗ ಐವತ್ತರ ಹತ್ತಿರದ ಗೃಹಸ್ಥನಾಗಿರಬೇಕು. ಎಲ್ಲಿದ್ದಾನೆಂದು ವಿಚಾರಿಸಿದೆ, ಸರಿಯಾಗಿ ತಿಳಿಯಲಿಲ್ಲ. ಅವನೊಡನೆ ಓದಿದವರು ಇದನ್ನು ಓದಿದರೆ ಯಾರ ವಿಷಯವೆಂದು ನಿಮಗೆ ಹೊಳೆಯುತ್ತದೆ. ಅಂದು ನಕ್ಕವರಲ್ಲಿ ನೀವೂ ಇದ್ದಿರಿ, ನಗಿಸಿದವನು ನಾನು. ಅವನ ವಿಳಾಸ ಗೊತ್ತಿದ್ದವರು ನನಗೆ ತಿಳಿಸಿ. ಹೇಳಬೇಕಾದ ಮಾತನ್ನು ಬರಹದಲ್ಲಿ ಹೇಳಿ ಕೈತೊಳೆದುಕೊಳ್ಳುವ ಇಚ್ಛೆ ನನಗಿಲ್ಲ. ಕಾರು ಚೆನ್ನಾಗಿದೆ, ಐದು ಚಕ್ರಕ್ಕೂ ಗಾಳಿ ಇದೆ. ನಾನೇ ಹೋಗಿ ಬರುತ್ತೇನೆ.